ಬಂಡೆಯ ಬಿರುಕಿನ ಜರೀಗಿಡಗಳು ಮತ್ತು ಕರ್ನಲ್ ಬೆಡ್ಡೋಮ್

ಹೊಲದ ಅಂಚಿನ ಹಾಸುಬಂಡೆಯ ಮೇಲೆ ಅಥವಾ ಊರ ಹಿಂದಿನ ಕಲ್ಲುಗುಡ್ಡದ ಸೀಳುಗಳಲ್ಲಿ, ಚೈತ್ರದ ಬಿಸಿಲಿಗೆ ಮುದುಡಿಕೊಂಡ ಹಿಡಿಗಾತ್ರದ ಕಂದುಬಣ್ಣದ ಗಿಡವನ್ನು ತಾವು ಕಂಡಿರಬಹುದು. ಬೆರಳಿನಿಂದ ಹಿಸುಕಿದರೆ ಪುಡಿಯಾಗುವಷ್ಟು ಒಣಗಿರುವ ಅದನ್ನು ಸತ್ತ ಹುಲ್ಲೆಂದು ಬಗೆದು ಮುಂದೆ ಸಾಗಿರಲೂಬಹುದು. ಭರಣಿಯ ಮೊದಲ ಒಳ್ಳೆಯ ಮಳೆ ಬಿದ್ದ ಒಂದೆರಡು ದಿನಗಳಲ್ಲಿ ಅದೇ ಗಿಡ ಎಲೆ ಬಿಚ್ಚಿ ಹಸುರಾಗಿ ನಿಂತಿರುತ್ತದೆ. ಅದು ಹೊಸ ಚಿಗುರಲ್ಲ; ಒಣಗಿದ್ದ ಹಳೆಯ ಎಲೆಯೇ ನೀರು ಕುಡಿದು ಮರಳಿ ಜೀವ ತಳೆದಿರುತ್ತದೆ. ಅದು ಹುಲ್ಲೂ ಅಲ್ಲ. ಹೂವು, ಕಾಯಿ, ಬೀಜ ಯಾವುದೂ ಇಲ್ಲದ ಜರೀಗಿಡಗಳ ಬಳಗಕ್ಕೆ ಸೇರಿದ ಸಸ್ಯ ಅದು.

ಜರೀಗಿಡವೆಂದರೆ ಮಲೆನಾಡಿನ ತೊರೆಯ ದಡದ ನೆರಳು ನೆನಪಾಗುವ ನಮಗೆ, ಕಾದ ಕಲ್ಲಿನ ಮೇಲೆ ಬದುಕುವ ಜರೀಗಿಡಗಳೂ ಉಂಟೆಂಬುದು ಸುಲಭವಾಗಿ ಹೊಳೆಯುವುದಿಲ್ಲ. ದಕ್ಷಿಣ ಭಾರತದ ಮಟ್ಟಿಗೆ ಈ ಎರಡು ಬಗೆಯವುಗಳನ್ನೂ ಒಂದೇ ಗ್ರಂಥದಲ್ಲಿ, ಒಂದೇ ಶ್ರದ್ಧೆಯಿಂದ, ಚಿತ್ರಸಹಿತ ವರ್ಣಿಸಿದವರು ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದ ಕರ್ನಲ್ ರಿಚರ್ಡ್ ಹೆನ್ರಿ ಬೆಡ್ಡೋಮ್. ಅವರ ಜೀವನವನ್ನೂ, ಅವರ ಪುಟಗಳಲ್ಲಿ ಉಳಿದಿರುವ ಬಂಡೆಯ ಜರೀಗಿಡಗಳನ್ನೂ ಒಟ್ಟಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಬೆಡ್ಡೋಮ್ ಅವರು 1830ರ ಮೇ 11ರಂದು ಲಂಡನ್ ಬಳಿಯ ಕ್ಲಾಪ್‌ಹ್ಯಾಮ್‌ನಲ್ಲಿ ಜನಿಸಿದರು. ತಂದೆ ವಕೀಲರು, ಹಿರಿಯ ಮಗ ಓದಿದ್ದು ಚಾರ್ಟರ್‌ಹೌಸ್ ಶಾಲೆಯಲ್ಲಿ. 1848ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಅವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ ಮದ್ರಾಸಿನ 42ನೆಯ ದೇಶೀ ಕಾಲಾಳು ಪಡೆಗೆ ನೇಮಕಗೊಂಡರು. ಅವರು ಹಡಗು ಹತ್ತಿದ ಆ ದಿನಗಳಲ್ಲಿ ಇಂಗ್ಲೆಂಡಿನ ಮನೆಮನೆಗಳಲ್ಲಿ ಜರೀಗಿಡದ ಹುಚ್ಚು ಹರಡಿತ್ತು. ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ತೇವವನ್ನು ಕಾಪಾಡಿಕೊಂಡು ಸೂಕ್ಷ್ಮವಾದ ಜರೀಗಿಡಗಳನ್ನು ಬೆಳೆಸುವುದು ಅಲ್ಲಿನ ಮಧ್ಯಮ ವರ್ಗದ ದೊಡ್ಡ ಹವ್ಯಾಸವಾಗಿತ್ತು. ಜರೀಗಿಡ ಬದುಕುವುದು ಸದಾ ತಂಪಿನಲ್ಲಿ ಎಂಬ ಭಾವನೆ ಬಲವಾಗಿ ಬೇರೂರಲು ಈ ಗಾಜಿನ ಪೆಟ್ಟಿಗೆಯೂ ಒಂದು ಕಾರಣವಿದ್ದೀತು. ಬೆಡ್ಡೋಮ್ ಬಂದಿಳಿದ ನಾಡಿನಲ್ಲಿ ವರ್ಷದ ಆರೇಳು ತಿಂಗಳು ಹನಿ ಮಳೆಯಿಲ್ಲದ ಬಂಡೆಗಳ ಮೇಲೂ ಅದೇ ಕುಲದ ಸಸ್ಯಗಳು ಬೆಳೆಯುತ್ತಿದ್ದವು.

ಸೈನ್ಯದಲ್ಲಿ ಕಳೆದ ಮೊದಲ ವರ್ಷಗಳ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಜಬಲ್ಪುರದಲ್ಲಿ ಕೆಲಕಾಲವಿದ್ದರು, ಬಿಡುವಿನ ವೇಳೆಯಲ್ಲಿ ಸಸ್ಯಗಳನ್ನೂ ಪ್ರಾಣಿಗಳನ್ನೂ ನೋಡುತ್ತಾ ತಿರುಗುವ ಅಭ್ಯಾಸವಿತ್ತು. ಬದುಕಿನ ದಿಕ್ಕು ಬದಲಾದುದು 1857ರಲ್ಲಿ. ಆ ವರ್ಷ ಅವರನ್ನು ಮದ್ರಾಸಿನ ಹೊಸ ಅರಣ್ಯ ಇಲಾಖೆಗೆ ಡಾ. ಹ್ಯೂ ಕ್ಲೆಗ್‌ಹಾರ್ನ್ ಅವರ ಸಹಾಯಕರಾಗಿ ತೆಗೆದುಕೊಳ್ಳಲಾಯಿತು. ಕ್ಲೆಗ್‌ಹಾರ್ನ್ ನಮ್ಮ ನಾಡಿಗೆ ಅಪರಿಚಿತರಲ್ಲ. 1840ರ ದಶಕದಲ್ಲಿ ಶಿವಮೊಗ್ಗೆಯಲ್ಲಿ ವೈದ್ಯರಾಗಿದ್ದಾಗ ಅವರು ಸ್ಥಳೀಯ ಚಿತ್ರಕಾರನೊಬ್ಬನಿಂದ ಸುತ್ತಲಿನ ಗಿಡಗಳ ಚಿತ್ರಗಳನ್ನು ಬರೆಯಿಸುತ್ತಿದ್ದರು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದವರೂ ಅವರೇ. ಗಿಡವನ್ನು ಮಾತಿನಲ್ಲಿ ವರ್ಣಿಸಿದರೆ ಸಾಲದು, ಬಲ್ಲ ಕೈಯಿಂದ ಬರೆಯಿಸಿಯೂ ಇಡಬೇಕೆಂಬ ಈ ರೂಢಿಯನ್ನು ಬೆಡ್ಡೋಮ್ ಮುಂದುವರಿಸಿದರು.

ಆ ಇಲಾಖೆ ಹುಟ್ಟಿದ್ದು ಗಿಡಗಳ ಮೇಲಿನ ಪ್ರೀತಿಯಿಂದಲ್ಲ ಎಂಬುದನ್ನೂ ಹೇಳಿಬಿಡಬೇಕು. ರೈಲುಹಳಿಗಳ ಕೆಳಗೆ ಹಾಸುವ ದಿಮ್ಮಿ, ಹಡಗು ಕಟ್ಟುವ ತೇಗ, ಉರಿಸುವ ಸೌದೆ ಇವುಗಳ ಪೂರೈಕೆ ಬತ್ತಿಹೋಗುವ ಭಯವೇ ಅದರ ಮೂಲ. ಬೆಡ್ಡೋಮ್ ಅವರ ಸಂಬಳದ ಕೆಲಸವೂ ಅದೇ ಆಗಿತ್ತು: ಯಾವ ಕಾಡಿನಲ್ಲಿ ಯಾವ ಮರವಿದೆ, ಎಷ್ಟು ಕಡಿಯಬಹುದು, ಯಾವುದನ್ನು ಬಿಡಬೇಕು ಎಂದು ನೋಡುವುದು. 1860ರಲ್ಲಿ ಅವರು ಇಲಾಖೆಯ ಮುಖ್ಯಸ್ಥರಾದರು. 1882ರವರೆಗೆ ಆ ಹುದ್ದೆಯಲ್ಲಿದ್ದರು. ಗಂಜಾಂನಿಂದ ತಿರುನೆಲ್ವೇಲಿಯವರೆಗಿನ ಬೆಟ್ಟಗಾಡುಗಳ ಜೊತೆಗೆ, ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡವೂ ಅವರ ವ್ಯಾಪ್ತಿಯಲ್ಲಿತ್ತು. ಕರಾವಳಿಯವರು ಕಿರಾಲಬೋಗಿ ಎಂದು ಕರೆಯುವ ಗಟ್ಟಿಮರಕ್ಕೆ ಹೋಪಿಯಾ ಪಾರ್ವಿಫ್ಲೋರಾ ಎಂಬ ಹೆಸರು ಕೊಟ್ಟವರೂ, ಘಟ್ಟದ ಬಲಗಿ ಮರವನ್ನು ಪೀಸಿಲೋನ್ಯೂರಾನ್ ಎಂಬ ಹೊಸ ಕುಲವಾಗಿ ಗುರುತಿಸಿದವರೂ ಅವರೇ. ಮರಗಳನ್ನು ಕುರಿತ ಅವರ ದೊಡ್ಡ ಗ್ರಂಥ, ದಕ್ಷಿಣ ಭಾರತದ ಫ್ಲೋರಾ ಸಿಲ್ವಾಟಿಕಾ, 1869ರಿಂದ 1873ರ ನಡುವೆ ಹೊರಬಂತು. ಅದು ಕಚೇರಿಗೆ ಬೇಕಾದ ಪುಸ್ತಕ.

ಆದರೆ ಅದಕ್ಕೂ ಮೊದಲು ಅವರು ಪ್ರಕಟಿಸಿದ್ದು ಮರಗಳ ಗ್ರಂಥವನ್ನಲ್ಲ. ಇಲಾಖೆಗೆ ಕಾಸಿನ ಆದಾಯವನ್ನೂ ತಾರದ ಸಸ್ಯಗಳ ಮೇಲೆ ಅವರ ಮೊದಲ ಮುಖ್ಯ ಕೃತಿ ಬಂತು. ದಕ್ಷಿಣ ಭಾರತದ ಜರೀಗಿಡಗಳನ್ನು ಕುರಿತ ಆ ಗ್ರಂಥ 1863-64ರಲ್ಲಿ ಮದ್ರಾಸಿನಲ್ಲಿ ಕಂತುಕಂತಾಗಿ ಅಚ್ಚಾಯಿತು. ಅದರಲ್ಲಿ 271 ಚಿತ್ರಫಲಕಗಳಿದ್ದವು. ಚಿತ್ರಗಳ ಹಿಂದಿದ್ದ ಕೈಗಳಲ್ಲಿ ಒಂದು ಗೋವಿಂದು ಎಂಬ ದಕ್ಷಿಣ ಭಾರತದ ಚಿತ್ರಕಾರನದು. ಇದಕ್ಕೂ ಮುನ್ನ ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಅವರ ಗ್ರಂಥಗಳಿಗೆ ಚಿತ್ರ ಬರೆದು ಪಳಗಿದ್ದ ಈತನ ಗೌರವಾರ್ಥ ವೈಟ್ ಒಂದು ಆರ್ಕಿಡ್‌ಗೆ ಗೋವಿಂದೂಯಾ ಎಂಬ ಹೆಸರಿಟ್ಟಿದ್ದರು. ಚಿತ್ರಕಾರನ ಹೆಸರಾದರೂ ಉಳಿಯಿತು. ಬೆಟ್ಟದ ದಾರಿ ತೋರಿದ, ಬಂಡೆ ಹತ್ತಿ ಗಿಡ ಕಿತ್ತುಕೊಟ್ಟ, ಒದ್ದೆ ಕಾಗದಗಳನ್ನು ಬಿಸಿಲಿಗೆ ಹರವಿ ಒಣಗಿಸಿದ ಕಾಡಿನ ಜನರ ಪೈಕಿ ಬಹುತೇಕರ ಹೆಸರು ಉಳಿದಿಲ್ಲ.

ಈ ಗ್ರಂಥದ ಒಂದು ಗುಣವನ್ನು ತಾವು ಗಮನಿಸಬೇಕು. ನೀಲಗಿರಿಯ ಕಣಿವೆಯಲ್ಲಿ ತೆಂಗಿನಂತೆ ಎತ್ತರಕ್ಕೆ ನಿಲ್ಲುವ ಮರಜರೀಗಿಡಕ್ಕೆ ಸಿಕ್ಕ ಹಾಗೆಯೇ ಬಂಡೆಯ ಸಂದಿನಲ್ಲಿ ಗೇಣುದ್ದವೂ ಬೆಳೆಯದ ಗಿಡಕ್ಕೂ ಅದರಲ್ಲಿ ಒಂದು ಪೂರ್ಣ ಫಲಕ ಸಿಕ್ಕಿದೆ. ಎಲೆಯ ಚೂರನ್ನು ದೊಡ್ಡದಾಗಿಸಿ, ಹಿಂಬದಿಯ ನರಗಳನ್ನೂ ಬೀಜಕಗಳ ಗುಂಪನ್ನೂ ಪಕ್ಕದಲ್ಲಿ ತೋರಿಸಲಾಗಿದೆ. ಒಣಗಿದಾಗ ಒಂದೇ ತೆರನಾಗಿ ಕಾಣುವ ಈ ಸಣ್ಣ ಗಿಡಗಳನ್ನು ಬಿಡಿಸಿ ಗುರುತಿಸಲು ಆ ಹಿಂಬದಿಯೇ ಆಧಾರ.

ಅವುಗಳಲ್ಲಿ ನಮ್ಮ ನಾಡಿನ ಹೆಸರನ್ನೇ ಹೊತ್ತ ಒಂದು ಗಿಡವಿದೆ: ಚೀಲಾಂಥಿಸ್ ಮೈಸುರೆನ್ಸಿಸ್. ಮೈಸೂರಿನದು ಎಂದೇ ಅದರ ಅರ್ಥ. ಹೆಸರನ್ನು ಸೂಚಿಸಿದವರು ವಾಲಿಚ್, ವರ್ಣಿಸಿ ಪ್ರಕಟಿಸಿದವರು ವಿಲಿಯಂ ಹೂಕರ್. ಇಂದಿನ ತಜ್ಞರು ಇದನ್ನು ಚೀಲಾಂಥಿಸ್ ಅಪೋಸಿಟಾ ಎಂಬ ಇನ್ನೂ ಹಳೆಯ ಹೆಸರಿನಡಿ ಸೇರಿಸುತ್ತಾರೆ. ಕಪ್ಪು ಮಿರುಗಿನ ತಂತಿಯಂಥ ದೇಟು, ಅದರ ಎರಡೂ ಬದಿಗೆ ಸಣ್ಣಗೆ ಸೀಳಿದ ಎಲೆ, ಬುಡದಲ್ಲಿ ಕಂದು ಹೊಟ್ಟಿನ ಹೊದಿಕೆ. ಬಿಸಿಲಿಗೆ ಎಲೆಯ ಬಿಲ್ಲೆಗಳು ಒಳಮುಖವಾಗಿ ಸುರುಳಿಗೊಂಡು, ಗಿಡವೆಲ್ಲ ಒಂದು ಕಪ್ಪು ಕಡ್ಡಿಗಳ ಕಟ್ಟಾಗಿ ಉಳಿಯುತ್ತದೆ.

ಇನ್ನೊಂದು ತಮಗೆ ಬೇಗ ಗುರುತು ಸಿಗುವಂಥದು, ಮಯೂರಶಿಖೆ. ಸಸ್ಯಶಾಸ್ತ್ರದಲ್ಲಿ ಆಕ್ಟಿನಿಯೋಪ್ಟೆರಿಸ್ ರೇಡಿಯೇಟಾ. ಬೀಸಣಿಗೆಯಂತೆ ಬಿಚ್ಚಿಕೊಂಡ ಅದರ ಎಲೆ ಪುಟ್ಟದೊಂದು ತಾಳೆಗರಿಯ ಹಾಗೆ, ಅಥವಾ ಹೆಸರೇ ಹೇಳುವಂತೆ ನವಿಲಿನ ಜುಟ್ಟಿನ ಹಾಗೆ ಇರುತ್ತದೆ. ಹಳೆಯ ಕೋಟೆಯ ಗೋಡೆ, ಬಾವಿಯ ಒಳಗಟ್ಟು, ಸುಣ್ಣದ ಗಾರೆ ಉದುರಿದ ಕಲ್ಲಿನ ಸಂದು ಇವು ಅದರ ಮೆಚ್ಚಿನ ತಾಣಗಳು. ಎತ್ತರದ ಬೆಟ್ಟಗಳ ಕಡೆಗೆ ಹೋದರೆ ಚೀಲಾಂಥಿಸ್ ಫ್ಯಾರಿನೋಸಾ ಸಿಗುತ್ತದೆ. ಅದರ ಎಲೆಯ ಕೆಳಭಾಗಕ್ಕೆ ಅಕ್ಕಿಹಿಟ್ಟು ಸವರಿದಂತೆ ಬಿಳಿಯ ಪುಡಿ ಅಂಟಿರುತ್ತದೆ. ಮಕ್ಕಳು ಅದನ್ನು ಅಂಗೈಗೆ ಒತ್ತಿ ಬಿಳಿ ಅಚ್ಚು ಮೂಡಿಸಿಕೊಳ್ಳುವುದುಂಟು. ಹಂಸಪದಿಯ ಬಳಗಕ್ಕೆ ಸೇರಿದ ಮತ್ತೊಂದು ಜರೀಗಿಡ ಬಂಡೆಯಿಂದ ಕೆಳಕ್ಕೆ ಬಾಲದಂತೆ ಎಲೆ ಚಾಚಿ, ತುದಿ ಮಣ್ಣಿಗೆ ತಾಗಿದಲ್ಲಿ ಬೇರುಬಿಟ್ಟು ಹೊಸ ಗಿಡವನ್ನು ಹುಟ್ಟಿಸುತ್ತದೆ.

ಈ ಗಿಡಗಳು ಬರವನ್ನು ಎದುರಿಸುವ ಬಗೆ ನಾವು ಬೆಳೆಗಳಲ್ಲಿ ಕಾಣುವ ಬಗೆಗಿಂತ ಬೇರೆ. ತೊಗರಿ ಬೇರನ್ನು ಆಳಕ್ಕೆ ಇಳಿಸಿ ನೀರು ಹುಡುಕುತ್ತದೆ. ಕಳ್ಳಿ ನೀರನ್ನು ದಪ್ಪ ಕಾಂಡದಲ್ಲಿ ಕೂಡಿಡುತ್ತದೆ. ಎರಡಕ್ಕೂ ಒಳಗಿನ ನೀರು ಒಂದು ಮಿತಿಗಿಂತ ಕಡಿಮೆಯಾದರೆ ಸಾವು ಖಂಡಿತ. ಬಂಡೆಯ ಜರೀಗಿಡಕ್ಕೆ ಬೇರಿಳಿಸಲು ಆಳವಿಲ್ಲ, ಕೂಡಿಡಲು ದಪ್ಪ ಕಾಂಡವೂ ಇಲ್ಲ. ಅದು ತನ್ನ ನೀರಿನ ಬಹುಪಾಲನ್ನು ಸುಮ್ಮನೆ ಬಿಟ್ಟುಕೊಡುತ್ತದೆ. ಒಣಗುತ್ತಾ ಹೋಗುವಾಗ ಜೀವಕೋಶಗಳಲ್ಲಿ ಸಕ್ಕರೆಗಳೂ ವಿಶೇಷ ರಕ್ಷಕ ಪ್ರೋಟೀನುಗಳೂ ಹೆಚ್ಚಾಗಿ, ಕೋಶದ ಪೊರೆಗಳು ಒಂದಕ್ಕೊಂದು ಅಂಟಿ ಹರಿಯದಂತೆ ನೋಡಿಕೊಳ್ಳುತ್ತವೆ. ಎಲೆ ಸುರುಳಿಗೊಳ್ಳುವುದರಿಂದ ಹಸುರು ಭಾಗಕ್ಕೆ ನೇರ ಬಿಸಿಲು ತಾಗುವುದು ತಪ್ಪುತ್ತದೆ. ಫ್ಯಾರಿನೋಸಾದಲ್ಲಾದರೆ ಸುರುಳಿಯ ಹೊರಗೆ ಉಳಿಯುವುದು ಆ ಬಿಳಿಯ ಹಿಟ್ಟಿನ ಬದಿ, ಅದು ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಮಳೆ ಬಂದಾಗ ಬೇರು ಮಾತ್ರವಲ್ಲದೆ ಎಲೆಯೂ ನೇರವಾಗಿ ನೀರನ್ನು ಹೀರುತ್ತದೆ. ಇಂಥ ಸಸ್ಯಗಳಿಗೆ ಪುನರುಜ್ಜೀವನ ಸಸ್ಯಗಳೆಂದು ಹೆಸರು. ಒಣಭೂಮಿ ಬೆಳೆಗಳ ಸಂಶೋಧಕರು ಇವುಗಳ ಕೋಶಗಳನ್ನು ಇಂದು ಕುತೂಹಲದಿಂದ ನೋಡುತ್ತಿರುವುದಕ್ಕೆ ಕಾರಣವೂ ಇದೇ.

ಜರೀಗಿಡಕ್ಕೆ ಇನ್ನೊಂದು ಕಷ್ಟವಿದೆ, ಅದು ಸಂತಾನದ್ದು. ಎಲೆಯಿಂದ ಉದುರಿದ ಬೀಜಕ ನೇರವಾಗಿ ಜರೀಗಿಡವಾಗಿ ಬೆಳೆಯುವುದಿಲ್ಲ. ಅದು ಮೊದಲು ಉಗುರಿಗಿಂತ ಚಿಕ್ಕದಾದ ಹಸುರು ಹಾಳೆಯೊಂದಾಗುತ್ತದೆ. ಆ ಹಾಳೆಯ ಮೇಲೆ ಗಂಡು ಕೋಶ ನೀರಿನಲ್ಲಿ ಈಜಿ ಹೆಣ್ಣು ಕೋಶವನ್ನು ಸೇರಿದಾಗಲೇ ಹೊಸ ಗಿಡ ಹುಟ್ಟುತ್ತದೆ. ಜರ್ಮನಿಯ ವಿಲ್ಹೆಲ್ಮ್ ಹೋಫ್‌ಮೈಸ್ಟರ್ ಈ ಜೀವನಚಕ್ರವನ್ನು 1851ರಲ್ಲಿ ಸ್ಪಷ್ಟಪಡಿಸಿದರು. ಆಗ ಬೆಡ್ಡೋಮ್ ಭಾರತದಲ್ಲಿ ತರುಣ ಸೈನಿಕ. ಹಾಗಾದರೆ ನೀರಿನ ಪೊರೆ ಒಂದು ಹಗಲೂ ನಿಲ್ಲದ ಬಂಡೆಯ ಮೇಲೆ ಇವು ಹೇಗೆ ಹರಡಿದವು? ಉತ್ತರದ ಮೊದಲ ಎಳೆ ದೊರೆತದ್ದು 1874ರಲ್ಲಿ. ಗಂಡು ಹೆಣ್ಣು ಕೋಶಗಳ ಕೂಡುವಿಕೆಯೇ ಇಲ್ಲದೆ ಹಸುರು ಹಾಳೆಯಿಂದ ನೇರವಾಗಿ ಗಿಡ ಚಿಗುರುವುದನ್ನು ಅಮೆರಿಕದ ಫಾರ್ಲೋ ಎಂಬ ವಿಜ್ಞಾನಿ ಬೇರೊಂದು ಜರೀಗಿಡದಲ್ಲಿ ಕಂಡರು. ಬಂಡೆಯ ಜರೀಗಿಡಗಳಲ್ಲಿ ಹಲವು ಇದೇ ದಾರಿಯನ್ನು ಹಿಡಿದಿವೆ ಎಂಬುದು ಆಮೇಲೆ ತಿಳಿಯಿತು. ಹಿಟ್ಟಿನ ಎಲೆಯ ಫ್ಯಾರಿನೋಸಾ ಅವುಗಳಲ್ಲೊಂದು. ಬೆಡ್ಡೋಮ್ ಅವರ ಗ್ರಂಥಗಳಲ್ಲಿ ಈ ವಿವರಗಳನ್ನು ಹುಡುಕಬಾರದು. ಅವರು ಹೊರರೂಪದ ವಿದ್ವಾಂಸರು. ಎಲ್ಲಿ ಬೆಳೆಯುತ್ತದೆ, ಹೇಗಿದೆ, ಯಾವುದರಿಂದ ಹೇಗೆ ಬೇರೆ ಎಂಬುದಷ್ಟೇ ಅವರ ಪ್ರಶ್ನೆ. ಮುಂದಿನವರ ಪ್ರಶ್ನೆಗಳಿಗೆ ಈ ಉತ್ತರಗಳು ತಳಪಾಯವಾದವು.

1865ರಿಂದ 1870ರವರೆಗೆ ಅವರು ಇಡೀ ಬ್ರಿಟಿಷ್ ಭಾರತದ ಜರೀಗಿಡಗಳ ಮೇಲೆ ಎರಡನೆಯ ಗ್ರಂಥವನ್ನು ಹೊರತಂದರು. ಈ ನಡುವೆ ಅವರ ಕಣ್ಣು ಗಿಡಗಳ ಮೇಲಷ್ಟೇ ನಿಲ್ಲಲಿಲ್ಲ. ತಿರುಪತಿಯ ಬೆಟ್ಟಗಳ ಬಂಡೆಗಳಲ್ಲಿ ವಾಸಿಸುವ ಬಂಗಾರದ ಬಣ್ಣದ ಹಲ್ಲಿಯನ್ನು 1870ರಲ್ಲಿ ಮೊದಲು ವರ್ಣಿಸಿದವರು ಅವರೇ. ಅದೇ ಸೀಮೆಯ ಒಣ ಕಲ್ಲುಗುಡ್ಡಗಳ ಸೈಕಸ್ ಗಿಡ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಜೇಪುರದ ಬೆಟ್ಟದಿಂದ ಅವರು ವರ್ಣಿಸಿದ ಒಂದು ನೆಲಹಲ್ಲಿ ಅನಂತರ 130 ವರ್ಷಗಳಿಗೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ, ಈ ಶತಮಾನದಲ್ಲಿ ಮತ್ತೆ ಸಿಕ್ಕಿತು. ಪಶ್ಚಿಮ ಘಟ್ಟದ ಮಣ್ಣಿನೊಳಗೆ ಬದುಕುವ, ಬಾಲದ ತುದಿಯಲ್ಲಿ ಗುರಾಣಿಯಂಥ ರಚನೆಯಿರುವ ಹಾವುಗಳಲ್ಲಿ ಅನೇಕವನ್ನು ವಿಜ್ಞಾನಕ್ಕೆ ಪರಿಚಯಿಸಿದವರೂ ಅವರೇ. ಇವು ವಿಷವಿಲ್ಲದವು, ಎರೆಹುಳು ತಿಂದು ಬದುಕುವಂಥವು. ಕಾಫಿ ತೋಟದಲ್ಲಿ ಅಗೆಯುವಾಗ ಸಿಕ್ಕರೆ ದಯವಿಟ್ಟು ಕೊಲ್ಲಬೇಡಿ.

ಬೆಡ್ಡೋಮ್ ಅವರನ್ನು ಕಾಡಿನ ಕಾವಲುಗಾರರೆಂದು ಹೊಗಳಿ ಮುಗಿಸುವುದು ಸುಲಭ, ಪೂರ್ತಿ ನ್ಯಾಯವಲ್ಲ. ಅವರ ಇಪ್ಪತ್ತೆರಡು ವರ್ಷಗಳ ಅಧಿಕಾರದಲ್ಲಿ ರೈಲಿಗೆ ಮರ ಹೋಯಿತು, ನೀಲಗಿರಿ ಮತ್ತು ವಯನಾಡಿನ ಇಳಿಜಾರುಗಳನ್ನು ಕಾಫಿ ಆವರಿಸಿತು, ಕಾಡಿನ ಜನರ ಹಳೆಯ ಹಕ್ಕುಗಳು ಕುಗ್ಗಿದವು. ಅವರು ಆ ವ್ಯವಸ್ಥೆಯ ಮೇಲಧಿಕಾರಿ. ಆದರೂ ಅದೇ ಕಚೇರಿಯಲ್ಲಿ ಕುಳಿತವರೊಬ್ಬರು, ಹರಾಜಿಗೆ ಬಾರದ ಗಿಡಗಳಿಗೆ ನೂರಾರು ಫಲಕಗಳನ್ನು ಮೀಸಲಿಟ್ಟರು. ಅವರು ಕಂಡ ಹಲವು ತಾಣಗಳು ಇಂದು ಇಲ್ಲ. ಅಲ್ಲಿ ಏನಿತ್ತೆಂದು ತಿಳಿಯಲು ನಮಗಿರುವ ದಾಖಲೆಗಳಲ್ಲಿ ಅವರ ಪುಟಗಳೂ ಒಣಹಾಳೆಗಳೂ ಮುಖ್ಯವಾದವು.

1882ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ ಮರುವರ್ಷವೇ ಅವರ ಕೈಪಿಡಿ ಪ್ರಕಟವಾಯಿತು. ಭಾರತ, ಸಿಂಹಳ ಮತ್ತು ಮಲಯ ಪರ್ಯಾಯ ದ್ವೀಪದ ಜರೀಗಿಡಗಳನ್ನು ಕುರಿತ, ಮುನ್ನೂರು ಚಿತ್ರಗಳುಳ್ಳ ಈ ಪುಸ್ತಕವನ್ನು ಹಿಂದಿನ ಭಾರಿ ಸಂಪುಟಗಳ ಹಾಗಲ್ಲದೆ ಚೀಲದಲ್ಲಿ ಇಟ್ಟುಕೊಂಡು ಬೆಟ್ಟ ಹತ್ತಬಹುದಿತ್ತು. 1892ರಲ್ಲಿ ಅದಕ್ಕೊಂದು ಪುರವಣಿಯನ್ನೂ ಸೇರಿಸಿದರು. 1911ರ ಫೆಬ್ರವರಿ 23ರಂದು, ಲಂಡನ್ನಿನ ವಾಂಡ್ಸ್‌ವರ್ತ್‌ನಲ್ಲಿ, ಎಂಬತ್ತನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರು ಸಂಗ್ರಹಿಸಿದ ಒಣಗಿಡಗಳ ಒಂದು ಭಾಗ ನಮ್ಮ ನೆರೆಯಲ್ಲೇ ಇದೆ. ಮದ್ರಾಸ್ ಹರ್ಬೇರಿಯಂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಯಮತ್ತೂರಿನ ಕೃಷಿ ಕಾಲೇಜಿನ ಆಶ್ರಯಕ್ಕೆ ಬಂದು, ಈಗ ಭಾರತೀಯ ಸಸ್ಯವಿಜ್ಞಾನ ಸರ್ವೇಕ್ಷಣೆಯ ಅಧೀನದಲ್ಲಿದೆ. ಗ್ರಂಥದ ಹೆಸರುಗಳು ಮಾತ್ರ ಬಹಳ ಬದಲಾಗಿವೆ. ಅವರು ಬಳಸಿದ ಹೆಸರಿಗೆ ಇಂದಿನ ಹೆಸರು ಯಾವುದೆಂದು ತಿಳಿಸಲು ಭಾರತೀಯ ವಿಜ್ಞಾನಿಗಳು ಒಂದು ಪುಸ್ತಕವನ್ನೇ ಬರೆಯಬೇಕಾಯಿತು. ಚಿತ್ರಗಳಿಗೆ ಆ ತೊಂದರೆಯಿಲ್ಲ.

ಈಗ ತಮ್ಮ ಊರಿನ ಬಂಡೆಯ ಮಾತು. ಕಲ್ಲುಗುಡ್ಡವನ್ನು ಬಂಜರೆಂದು ಲೆಕ್ಕ ಹಾಕುವುದು ನಮ್ಮ ರೂಢಿ. ಜಲ್ಲಿ ಕ್ರಷರ್‌ಗೆ, ಕಲ್ಲು ಕ್ವಾರಿಗೆ ಅದನ್ನು ಬಿಟ್ಟುಕೊಡುವುದು ಆದ್ದರಿಂದಲೇ ಸಲೀಸು. ಕಾಡು ಕಡಿದರೆ ಬೇರಿನಿಂದ ಮತ್ತೆ ಚಿಗುರೀತು. ಬಿರುಕುಳ್ಳ ಬಂಡೆಯನ್ನೇ ಒಡೆದು ಸಾಗಿಸಿದ ಮೇಲೆ ಈ ಗಿಡಗಳಿಗೆ ಮರಳಿ ಬರಲು ಜಾಗವೇ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಇಡುವುದೂ ಹಾನಿಕರ: ಬಿಸಿಲಿನ ಒಣಗುವಿಕೆಯನ್ನು ತಾಳುವ ಎಲೆ ಜ್ವಾಲೆಯನ್ನು ತಾಳಲಾರದು. ಜಾತ್ರೆಗಳಲ್ಲಿ ಸಂಜೀವಿನಿ ಎಂದು ಮಾರುವ ಒಣ ಉಂಡೆಯೂ ಹೆಚ್ಚಾಗಿ ಬಂಡೆಯಿಂದ ಕಿತ್ತು ತಂದದ್ದೇ. ಅದು ಸೆಲಾಜಿನೆಲ್ಲಾ, ಜರೀಗಿಡಗಳ ದೂರದ ನೆಂಟ. ನೀರಿಗೆ ಹಾಕಿದರೆ ಅರಳುವುದು ನಿಜ. ಅದು ಗಿಡದ ಗುಣ. ಸತ್ತವರನ್ನು ಬದುಕಿಸುವ ಶಕ್ತಿ ಅದಕ್ಕಿಲ್ಲ. ಕೊಳ್ಳುವವರಿದ್ದಷ್ಟು ಕಾಲ ಕೀಳುವವರೂ ಇರುತ್ತಾರೆ.

ಬಂಡೆಯ ಜರೀಗಿಡವನ್ನು ಮನೆಯ ಕುಂಡಕ್ಕೆ ತರಬೇಡಿ. ದಿನವೂ ನೀರೆರೆದ ಕುಂಡದಲ್ಲಿ ಅದರ ಬುಡ ಕೊಳೆಯುತ್ತದೆ. ಬೇಸಿಗೆಯ ಒಣಗುವಿಕೆ ಅದಕ್ಕೆ ರೋಗವಲ್ಲ, ಋತುಧರ್ಮ. ಇದ್ದಲ್ಲಿಯೇ ನೋಡುವುದಾದರೆ ಮುಂಗಾರು ಕಳೆದು ದೀಪಾವಳಿಗೆ ಮೊದಲಿನ ವಾರಗಳು ಅನುಕೂಲ. ಎಲೆಯನ್ನು ಕೀಳದೆ ಹಾಗೆಯೇ ಮಗುಚಿ ನೋಡಿ. ಅಂಚು ಒಳಕ್ಕೆ ಮಡಚಿ, ಆ ಮಡಿಕೆಯ ಕೆಳಗೆ ಕಂದು ಬೀಜಕಗಳ ಸಾಲಿದ್ದರೆ ಅದು ಬಹುಶಃ ಚೀಲಾಂಥಿಸ್ ಬಳಗದ್ದು. ಬಿಳಿಯ ಹಿಟ್ಟಿದ್ದರೆ ಫ್ಯಾರಿನೋಸಾ ಅಥವಾ ಅದರ ಸಮೀಪದ ನೆಂಟ. ಬೀಸಣಿಗೆಯ ಆಕಾರವಾದರೆ ಮಯೂರಶಿಖೆ. ಎಲೆಯ ಎರಡೂ ಬದಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು, ಊರು, ತಿಂಗಳು, ಬಂಡೆಯ ಯಾವ ದಿಕ್ಕಿನ ಮುಖ ಎಂಬುದನ್ನು ಬರೆದಿಟ್ಟುಕೊಳ್ಳಿ. ಬೆಡ್ಡೋಮ್ ಅವರ ಗ್ರಂಥಗಳು ಈಗ ಅಂತರ್ಜಾಲದ ಜೀವವೈವಿಧ್ಯ ಪರಂಪರೆ ಗ್ರಂಥಾಲಯದಲ್ಲಿ ಉಚಿತವಾಗಿ ದೊರೆಯುತ್ತವೆ. ತಮ್ಮ ಚಿತ್ರವನ್ನು ಆ ಫಲಕಗಳ ಪಕ್ಕದಲ್ಲಿಟ್ಟು ಹೋಲಿಸಬಹುದು.